ಪ್ರಾಣಿಗಳ ಶೆಲ್ಟರ್‌ನಲ್ಲಿ ಸ್ವಯಂಸೇವೆ: ಹೋಗುವ ಮುನ್ನ, ಹೋದ ಮೇಲೆ

ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ಗೆ ನಾನು ಮೊದಲ ಸಲ ಹೋದ ಭಾನುವಾರ, ಅಲ್ಲಿನ ಮೇಲ್ವಿಚಾರಕರು ನನ್ನ ಕೈಗೆ ಒಂದು ಕಡ್ಡಿಪೊರಕೆಯನ್ನೂ ಅರ್ಧ ಬಕೆಟ್ ಸೋಪಿನ ನೀರನ್ನೂ ಕೊಟ್ಟು, "ಮೊದಲು ಇದು ಮುಗೀಲಿ ಸಾರ್, ಆಮೇಲೆ ಮರಿಗಳನ್ನ ನೋಡುವಿರಂತೆ" ಎಂದಿದ್ದರು. ಹನ್ನೆರಡು ಗೂಡುಗಳನ್ನು ತೊಳೆದು ಮುಗಿಸುವಷ್ಟರಲ್ಲಿ ಹತ್ತೂವರೆಯಾಗಿತ್ತು. ಮರಿಗಳು ಹೊಟ್ಟೆ ತುಂಬಿಸಿಕೊಂಡು ಒಂದರ ಮೇಲೊಂದು ಬಿದ್ದು ನಿದ್ದೆಹೋಗಿದ್ದವು. ಆ ದಿನ ಬೇಸರವಾದದ್ದು ನಿಜ. ನಾಲ್ಕಾರು ವಾರ ಕಳೆದ ಮೇಲೆ, ಶೆಲ್ಟರ್‌ನ ದಿನಚರಿಯಲ್ಲಿ ಸ್ವಯಂಸೇವಕನೊಬ್ಬನಿಂದ ನಿಜಕ್ಕೂ ಇಳಿಸಬಹುದಾದ ಹೊರೆ ಯಾವುದು ಎಂಬುದು ಅರ್ಥವಾಗತೊಡಗಿತು.

ಹುಟ್ಟುಹಬ್ಬದ ದಿನ ಹತ್ತು ಮಂದಿ ಗೆಳೆಯರೊಂದಿಗೆ ಬಂದು, ಮೂಟೆ ಬಿಸ್ಕತ್ತು ಹಂಚಿ, ಫೋಟೊ ತೆಗೆಸಿಕೊಂಡು ಹೋಗುವವರಿಗಿಂತ, ವಾರಕ್ಕೆ ಎರಡೇ ಗಂಟೆಯಾದರೂ ಅದೇ ದಿನ ಅದೇ ಹೊತ್ತಿಗೆ ತಪ್ಪದೆ ಬರುವ ಒಬ್ಬರು ಶೆಲ್ಟರ್‌ಗೆ ಹೆಚ್ಚು ಬೇಕಾದವರು. ಇದು ಶಿಸ್ತಿನ ಮಾತಷ್ಟೇ ಅಲ್ಲ. ಪೆಟ್ಟು ತಿಂದು ಅಥವಾ ಯಜಮಾನರಿಂದ ಕೈಬಿಡಲ್ಪಟ್ಟು ಬಂದ ನಾಯಿಗೆ ಪ್ರತಿ ಹೊಸ ಮುಖವೂ ಹೊಸ ಭಯವೇ ಆಗಿರುತ್ತದೆ. ಪರಿಚಿತ ವಾಸನೆ, ಪರಿಚಿತ ಹೆಜ್ಜೆಸದ್ದು ಮರಳಿ ಮರಳಿ ಬಂದಾಗ ಮಾತ್ರ ಅದು ಮನುಷ್ಯರನ್ನು ಮತ್ತೆ ನಂಬಲು ಕಲಿಯುತ್ತದೆ. ಆದ್ದರಿಂದ ಹೆಸರು ನೋಂದಾಯಿಸುವ ಮುನ್ನ, ಮುಂದಿನ ಮೂರು ತಿಂಗಳು ಯಾವ ದಿನ, ಎಷ್ಟು ಹೊತ್ತು ಕೊಡಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ಸಾಧ್ಯವೆಂದಾದರೆ ಹಾಗೆಯೇ ಹೇಳಿ. ಅದಕ್ಕೆ ಹೊಂದುವ ಕೆಲಸವೂ ಅಲ್ಲಿರುತ್ತದೆ.

ಎಲ್ಲಿಗೆ ಹೋಗಬೇಕು

ಬೆಂಗಳೂರಿನಲ್ಲಿ 1991ರಿಂದ ನಡೆಯುತ್ತಿರುವ ಕ್ಯೂಪಾ (ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್), ಮೂರು ಕಾಲಿನ ನಾಯಿಯೊಂದರ ಹೆಸರನ್ನೇ ಇಟ್ಟುಕೊಂಡು 2013ರಲ್ಲಿ ಆರಂಭವಾದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಎಂಬ ಪ್ರಾಣಿ ಆಶ್ರಯ, ಹೀಗೆ ರಾಜ್ಯದಲ್ಲಿ ಹೆಸರುಳ್ಳ ಸಂಸ್ಥೆಗಳು ಹಲವಿವೆ. ಆದರೆ ದೊಡ್ಡ ಹೆಸರೇ ಆಗಬೇಕೆಂದಿಲ್ಲ. ಮನೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಜಾಗವನ್ನು ಆರಿಸಿಕೊಳ್ಳುವುದು ಜಾಣತನ. ಸಿಲ್ಕ್ ಬೋರ್ಡ್‌ನ ಟ್ರಾಫಿಕ್ ದಾಟಿ ಊರಿನ ಮತ್ತೊಂದು ತುದಿಗೆ ಹೋಗುವ ಉತ್ಸಾಹ ಮೂರನೆಯ ವಾರಕ್ಕೇ ಬತ್ತಿಹೋಗುವುದನ್ನು ಬಹಳ ಸಲ ನೋಡಿದ್ದೇನೆ.

ಸಣ್ಣ ಶೆಲ್ಟರ್ ಆದರೆ ಒಮ್ಮೆ ಸುಮ್ಮನೆ ಹೋಗಿ ನೋಡಿಬನ್ನಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯೇ, ಪಶುವೈದ್ಯರು ನಿಯಮಿತವಾಗಿ ಬರುತ್ತಾರೆಯೇ, ಪ್ರತಿ ಪ್ರಾಣಿಯ ಲಸಿಕೆ ಮತ್ತು ಚಿಕಿತ್ಸೆಯ ದಾಖಲೆ ಇದೆಯೇ, ದತ್ತು ಕೊಡುವ ಮುನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆಯೇ ಎಂದು ವಿಚಾರಿಸಿ. ಉತ್ತರಗಳಿಗಿಂತ ನೀರಿನ ಬಟ್ಟಲುಗಳು ಹೆಚ್ಚು ಹೇಳುತ್ತವೆ: ಮಧ್ಯಾಹ್ನ ಎರಡು ಗಂಟೆಗೂ ಅವುಗಳಲ್ಲಿ ತಿಳಿನೀರಿದ್ದರೆ ಆ ಜಾಗವನ್ನು ನಂಬಬಹುದು. ಬಂದ ಪ್ರಾಣಿಯನ್ನೆಲ್ಲ ಸೇರಿಸಿಕೊಳ್ಳುತ್ತಾ, ಒಂದನ್ನೂ ದತ್ತು ಕೊಡದೆ, ನಲವತ್ತು ನಾಯಿಗಳ ಜಾಗದಲ್ಲಿ ನೂರೈವತ್ತನ್ನು ತುಂಬಿಕೊಂಡಿರುವವರ ಕರುಣೆಯ ಬಗ್ಗೆ ಸ್ವಲ್ಪ ಅನುಮಾನವಿರಲಿ.

ಶೆಲ್ಟರ್‌ನಲ್ಲಿ ಯಾರು ಇರುತ್ತಾರೆ ಎಂಬುದನ್ನೂ ತಿಳಿದಿರಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಬೀದಿಯಲ್ಲಿ ಆರೋಗ್ಯವಾಗಿ ಬದುಕುತ್ತಿರುವ ನಾಯಿಯನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮಾತ್ರ ಮರಳಿ ಅಲ್ಲಿ ಬಿಡದೆ ಆಶ್ರಯಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಇವುಗಳನ್ನು ಬಿಟ್ಟರೆ ಶೆಲ್ಟರ್‌ಗಳಲ್ಲಿ ಕಾಯಂ ಉಳಿಯುವುದು ಹೆಚ್ಚಾಗಿ ಸೊಂಟ ಮುರಿದವು, ಕಣ್ಣು ಕಾಣದವು, ಮುದಿಯಾದವು ಮತ್ತು ಮನೆಯಲ್ಲಿ ಸಾಕಿ ಕೈಬಿಟ್ಟ ಜಾತಿನಾಯಿಗಳು. ನಿಮ್ಮ ಬೀದಿಯಲ್ಲಿ ಚೆನ್ನಾಗಿಯೇ ಇರುವ ನಾಯಿಯನ್ನು "ಅಲ್ಲಿ ಸುಖವಾಗಿರಲಿ" ಎಂದು ತಂದುಬಿಡಬೇಡಿ. ಅದಕ್ಕೆ ತನ್ನ ಬೀದಿಯೂ ಹೋಗುತ್ತದೆ, ಇಲ್ಲಿ ಒಂದು ರೋಗಿಯ ಜಾಗವೂ ಹೋಗುತ್ತದೆ.

ಲಸಿಕೆ, ಬಟ್ಟೆ, ಬೂಟು

ರೇಬೀಸ್ ಲಸಿಕೆಯನ್ನು ಮುಂಚಿತವಾಗಿ ಹಾಕಿಸಿಕೊಳ್ಳದೆ ನಾಯಿ ಬೆಕ್ಕುಗಳ ನಡುವೆ ಕೆಲಸಕ್ಕೆ ಇಳಿಯಬಾರದು. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮದಂತೆ ಇದಕ್ಕೆ ಮೂರು ಚುಚ್ಚುಮದ್ದುಗಳಿವೆ: ಮೊದಲ ದಿನ, 7ನೆಯ ದಿನ, ಮತ್ತು 21 ಅಥವಾ 28ನೆಯ ದಿನ. ಹೀಗೆ ಹಾಕಿಸಿಕೊಂಡವರಿಗೆ ಮುಂದೆ ನಾಯಿ ಕಚ್ಚಿದರೂ ಕಚ್ಚಿದ ದಿನ ಮತ್ತು ಅದಾದ ಮೂರನೆಯ ದಿನ ಹಾಕುವ ಎರಡು ಚುಚ್ಚುಮದ್ದುಗಳು ಸಾಕಾಗುತ್ತವೆ, ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಲಸಿಕೆ ಆಗಿರಲಿ ಬಿಡಲಿ, ಹಲ್ಲು ಅಥವಾ ಉಗುರು ತಾಗಿದ ಕೂಡಲೇ ಗಾಯವನ್ನು ಹರಿಯುವ ನಲ್ಲಿ ನೀರಿನಡಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಎರಡು ನಿಮಿಷಕ್ಕೇ ಮುಗಿದುಬಿಡುತ್ತದೆ. ಅರಿಶಿನ, ಸುಣ್ಣ, ಕಾರದಪುಡಿ ಯಾವುದನ್ನೂ ಮೆತ್ತದೆ, ಶೆಲ್ಟರ್‌ನವರಿಗೆ ತಿಳಿಸಿ, ಅದೇ ದಿನ ವೈದ್ಯರನ್ನು ಕಾಣಿರಿ. ನಾಯಿಯ ಮೇಲೆ ದೂರು ಬರಬಾರದೆಂದು ಕಚ್ಚಿದ್ದನ್ನು ಮುಚ್ಚಿಡುವ ಮೆದು ಮನಸ್ಸಿನವರಿದ್ದಾರೆ. ಅದು ಇಬ್ಬರಿಗೂ ಅಪಾಯ: ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕಾದವರಿಗೆ ವಿಷಯವೇ ತಿಳಿಯದೆ ಹೋಗುತ್ತದೆ.

ಪೂರ್ತಿ ಉದ್ದದ ದಪ್ಪ ಪ್ಯಾಂಟು, ಬೆರಳು ಮುಚ್ಚುವ ಬೂಟು, ಹಳೆಯ ಹತ್ತಿ ಬಟ್ಟೆ ಇರಲಿ. ಜೋತಾಡುವ ಓಲೆ, ದುಪಟ್ಟಾ, ಘಾಟು ಸೆಂಟು ಬೇಡ. ಬಸುರಿಯರು ಬೆಕ್ಕಿನ ಮಲ ತೆಗೆಯುವ ಕೆಲಸದಿಂದ ದೂರವಿರಬೇಕು, ಏಕೆಂದರೆ ಅದರಿಂದ ಹರಡಬಹುದಾದ ಟಾಕ್ಸೊಪ್ಲಾಸ್ಮ ಎಂಬ ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು. ಮನೆಯಲ್ಲಿ ನಾಯಿಯಿದ್ದರೆ ಅದರ ಲಸಿಕೆಗಳೆಲ್ಲ ಮುಗಿದಿರಬೇಕು, ಮತ್ತು ಶೆಲ್ಟರ್‌ಗೆಂದೇ ಒಂದು ಜೊತೆ ಬೂಟನ್ನು ಮೀಸಲಿಟ್ಟು ಅದನ್ನು ಮನೆಯ ಹೊಸ್ತಿಲು ದಾಟಿಸಬಾರದು.

ತೊಳೆಯುವ ಕೆಲಸ

ಬೂಟಿನ ಮಾತಿಗೆ ಕಾರಣವಿದೆ. ಎರಡನೆಯ ತಿಂಗಳಲ್ಲಿ ನಾನು ರೋಗದ ಮರಿಗಳ ಪ್ರತ್ಯೇಕ ಕೋಣೆಯ ಹೊರಗೆ ನೀರು ಹಾಕಿ, ಅಲ್ಲಿಂದ ನೇರವಾಗಿ, ಅವೇ ಬೂಟುಗಳಲ್ಲಿ, ಲಸಿಕೆ ಇನ್ನೂ ಮುಗಿಯದ ಐದು ಮರಿಗಳ ಅಂಗಳಕ್ಕೆ ಕಾಲಿಟ್ಟಿದ್ದೆ. ಡಾಕ್ಟರು ಕೂಗಾಡಲಿಲ್ಲ. ಅಂಗಳದ ಬಾಗಿಲು ಹಾಕಿಸಿ, ಎರಡು ವಾರ ಆ ಮರಿಗಳನ್ನು ಯಾರಿಗೂ ದತ್ತು ಕೊಡುವಂತಿಲ್ಲವೆಂದು ಹಲಗೆಯ ಮೇಲೆ ಬರೆದು, ನನ್ನ ಕಡೆ ಒಮ್ಮೆ ನೋಡಿದರು. ಮರಿಗಳು ಪಾರಾದವು. ಆದರೆ ಅವುಗಳಲ್ಲಿ ಒಂದನ್ನು ಕರೆದೊಯ್ಯಲು ಆ ಶನಿವಾರವೇ ಬರಬೇಕಾಗಿದ್ದ ಕುಟುಂಬ ಮತ್ತೆ ಬರಲಿಲ್ಲ.

ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ನಾವು ನಂಬಿ ಜೇಬಿನಲ್ಲಿಟ್ಟುಕೊಳ್ಳುವ ಸ್ಯಾನಿಟೈಸರ್‌ಗೆ ಅದು ಜಗ್ಗುವುದಿಲ್ಲ. ಹಾಗಾಗಿ ಕೆಲಸದ ಅನುಕ್ರಮ ಯಾವಾಗಲೂ ಒಂದೇ: ಮೊದಲು ಮರಿಗಳು, ನಂತರ ಆರೋಗ್ಯವಂತ ದೊಡ್ಡ ನಾಯಿಗಳು, ಆಮೇಲೆ ಹೊಸದಾಗಿ ಬಂದವು, ಕೊನೆಗೆ ರೋಗಿಗಳು. ಹಿಮ್ಮುಖವಾಗಿ ಎಂದೂ ನಡೆಯಬಾರದು. ರೋಗಿಗಳ ಕೋಣೆಯ ಪೊರಕೆ, ಬಕೆಟ್ಟು, ಬಟ್ಟಲು ಅಲ್ಲಿಯೇ ಉಳಿಯಬೇಕು.

ಗೂಡು ತೊಳೆಯುವುದಕ್ಕೂ ಕ್ರಮವಿದೆ. ನಾಯಿಯನ್ನು ಹೊರಗೆ ಕಟ್ಟಿ ಅಥವಾ ಪಕ್ಕದ ಗೂಡಿಗೆ ಬಿಟ್ಟು, ಮಲವನ್ನು ನೀರು ಹಾಕುವ ಮೊದಲೇ ಎತ್ತಿ ತೆಗೆಯಬೇಕು, ಪೈಪಿನ ನೀರಿನ ರಭಸಕ್ಕೆ ಅದನ್ನು ಸಿಡಿಸಬಾರದು. ಸೋಪಿನ ನೀರು ಹಾಕಿ ತಿಕ್ಕಿ, ತೊಳೆದು, ಅದಾದ ಮೇಲೆ ಬ್ಲೀಚ್ ನೀರು ಹಾಕಬೇಕು. ಮನೆಬಳಕೆಯ ದ್ರವರೂಪದ ಬ್ಲೀಚ್ ಆದರೆ ಒಂದು ಪಾಲಿಗೆ ಮೂವತ್ತು ಪಾಲು ನೀರು ಸಾಕು. ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆದು, ವೈಪರ್‌ನಿಂದ ನೀರೆಳೆದು, ನೆಲ ಒಣಗಿದ ಮೇಲೆಯೇ ನಾಯಿಯನ್ನು ಒಳಕ್ಕೆ ಬಿಡಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದು ಕೊಳೆಯೊಂದಿಗೆ ಸೆಣಸಿ ಸೋಲುತ್ತದೆ, ವೈರಸ್ಸಿನ ತಂಟೆಗೆ ಹೋಗುವುದಿಲ್ಲ. ಸಾಲದೆಂಬಂತೆ ಮೂತ್ರದ ಅಮೋನಿಯದ ಜೊತೆ ಸೇರಿ ಕಣ್ಣುರಿಸುವ ವಿಷಗಾಳಿಯನ್ನೂ ಎಬ್ಬಿಸುತ್ತದೆ. ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆಗಂತೂ ಅದನ್ನು ಎಂದೂ ಬೆರೆಸಬಾರದು. ಬೆಕ್ಕುಗಳ ಕೋಣೆಗೆ ಫಿನೈಲ್ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒದ್ದೆ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೆ ಅದು ಹೊಟ್ಟೆ ಸೇರುತ್ತದೆ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕವಾಗುವುದರ ಹಿಂದೆಯೂ ಇದೇ ಕೊರತೆಯಿದೆ.

ಹೆದರಿದ ನಾಯಿಯ ಬಳಿ ಕೂರುವುದು

ಬೆಲ್ಲ ಎಂಬುದು ಕಂದು ಬಣ್ಣದ ಒಂದು ಹೆಣ್ಣುನಾಯಿ. ಕಾರು ಬಡಿದು ಹಿಂಗಾಲು ಮುರಿದು ಬಂದಿತ್ತು, ಮೂಳೆ ಕೂಡಿಕೊಂಡಿತ್ತು, ಭಯ ಮಾತ್ರ ಹೋಗಿರಲೇ ಇಲ್ಲ ಎನ್ನುವ ಹಾಗೆ ಗೂಡಿನ ಹಿಂಬದಿಯ ಮೂಲೆಗೆ ಮುಖ ಒತ್ತಿಕೊಂಡು ಮಲಗಿರುತ್ತಿತ್ತು. ನನಗೆ ಹೇಳಿದ ಕೆಲಸ ಇಷ್ಟೇ: ಒಳಗೆ ಹೋಗಿ, ಬಾಗಿಲ ಪಕ್ಕ ಅದಕ್ಕೆ ಅರ್ಧ ಬೆನ್ನು ಮಾಡಿ ಕುಳಿತು, ಇಪ್ಪತ್ತು ನಿಮಿಷ ಪತ್ರಿಕೆ ಓದಬೇಕು. ಕರೆಯಬಾರದು, ಕೈ ಚಾಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಹೊರಡುವಾಗ ಬೇಯಿಸಿದ ಕೋಳಿಯ ಒಂದು ಚೂರನ್ನು ನೆಲದ ಮೇಲೆ ಬಿಟ್ಟುಬರಬೇಕು. ಮೊದಲ ಮೂರು ಭಾನುವಾರ ಆ ಚೂರು ನಾನು ಶೆಲ್ಟರ್ ಬಿಟ್ಟು ಹೋಗುವವರೆಗೂ ಹಾಗೆಯೇ ಬಿದ್ದಿತ್ತು. ನಾಲ್ಕನೆಯ ಭಾನುವಾರ ಪತ್ರಿಕೆಯ ಪುಟ ಮಗುಚುವಾಗ ಅಂಗಿಯ ಚುಂಗಿಗೆ ಏನೋ ತಣ್ಣಗೆ ತಾಗಿದಂತಾಯಿತು. ಅದರ ಮೂಗು. ನಾನು ಉಸಿರು ಬಿಗಿಹಿಡಿದು ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಬೆಲ್ಲ ಬೆನ್ನಿನುದ್ದಕ್ಕೂ ಮೂಸಿ, ದೂರ ಹೋಗಿ, ಈ ಸಲ ನನ್ನ ಕಡೆ ಮುಖ ಮಾಡಿ ಮಲಗಿತು.

ಇಂಥ ಕೆಲಸಕ್ಕೆ ನಾಯಿಯ ಮೈಭಾಷೆಯನ್ನು ಓದಲು ಬರಬೇಕು. ನಿದ್ದೆಯಿಲ್ಲದೆ ಬರುವ ಆಕಳಿಕೆ, ತಿಂಡಿಯಿಲ್ಲದಾಗ ತುಟಿ ನೆಕ್ಕಿಕೊಳ್ಳುವುದು, ತಲೆ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಇತ್ತ ನೋಡುವುದು, ಒಮ್ಮೆಗೇ ಮೈ ಬಿಗಿಯುವುದು, ಇವೆಲ್ಲ "ಇನ್ನು ಸಾಕು, ದೂರ ಸರಿ" ಎಂಬುದರ ಸೂಚನೆಗಳು. ಬಾಲ ಅಲ್ಲಾಡುತ್ತಿದ್ದರೆ ಸ್ನೇಹವೆಂದೇ ತಿಳಿಯಬೇಡಿ. ಸೊಂಟದವರೆಗೂ ಬಳುಕುತ್ತಾ ಅಲ್ಲಾಡುವ ಬಾಲ ಬೇರೆ, ಎತ್ತರಕ್ಕೆ ನಿಂತು ಬಿರುಸಾಗಿ ಅದುರುವ ಬಾಲ ಬೇರೆ. ಗುರುಗುಟ್ಟುವ ನಾಯಿಯನ್ನು ಗದರಿಸಬಾರದು. ಗುರುಗುಟ್ಟುವುದಕ್ಕೇ ಹೊಡೆತ ತಿಂದ ನಾಯಿ ಮುಂದೆ ಎಚ್ಚರಿಕೆಯನ್ನೇ ಕೊಡದೆ ಕಚ್ಚಲು ಕಲಿಯುತ್ತದೆ. ನಾಯಿ ಉಣ್ಣುವಾಗ, ಮರಿಗೆ ಹಾಲೂಡುವಾಗ, ಮಲಗಿರುವಾಗ ಮುಟ್ಟಬಾರದು, ಮೊದಲ ಪರಿಚಯದಲ್ಲಿಯೇ ತಲೆ ಸವರಬಾರದು. ಒಪ್ಪಿ ಹತ್ತಿರ ಬಂದರೆ ಎದೆಯ ಬಳಿ ಅಥವಾ ಭುಜದ ಪಕ್ಕ ಕೆರೆದರೆ ಸಾಕು.

ತಿರುಗಾಡಿಸಲು ಕರೆದೊಯ್ಯುವ ಅವಕಾಶ ಸಿಕ್ಕಾಗ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ನಾಯಿ ಎಳೆದರೆ ಬೆರಳು ಮುರಿಯುತ್ತದೆ. ಕುಣಿಕೆಯೊಳಗೆ ಹೆಬ್ಬೆರಳು ತೂರಿಸಿ ಮುಷ್ಟಿ ಕಟ್ಟಿ, ಇನ್ನೊಂದು ಕೈಯನ್ನು ಹಗ್ಗದ ಮಧ್ಯದಲ್ಲಿಡಿ. ಎರಡು ಬಾಗಿಲುಗಳಿರುವ ಕಡೆ ಹಿಂದಿನದು ಮುಚ್ಚದೆ ಮುಂದಿನದನ್ನು ತೆರೆಯಬೇಡಿ. ಎದುರಿಗೆ ಇನ್ನೊಂದು ನಾಯಿ ಬಂದರೆ ಬಿಲ್ಲಿನಂತೆ ಬಳಸಿ ಹೋಗಿ. ಮುಖಾಮುಖಿ ಭೇಟಿ ಮಾಡಿಸುವುದು ಮನುಷ್ಯರ ಶಿಷ್ಟಾಚಾರ, ನಾಯಿಗಳದ್ದಲ್ಲ. ಎರಡು ನಾಯಿಗಳು ಕಚ್ಚಾಡಿದರೆ ನಡುವೆ ಕೈ ಹಾಕದೆ, ಬಕೆಟ್ ನೀರು ಎರಚಿ, ಸಿಬ್ಬಂದಿಯನ್ನು ಕೂಗಿ ಕರೆಯಿರಿ.

ತಿನಿಸು, ಸಾಮಾನು, ಹಣ

ಕೇಳದೆ ಏನನ್ನೂ ತಿನ್ನಿಸಬಾರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗಳಿಗೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಾಗಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಹೀಗಾಗಿ ಮದುವೆಮನೆಯಲ್ಲಿ ಮಿಕ್ಕ ಬಿರಿಯಾನಿಯ ಪಾತ್ರೆ ಶೆಲ್ಟರ್‌ನ ಗೇಟಿಗೆ ಬಂದಾಗ ಅಲ್ಲಿನವರಿಗೆ ಸಂತೋಷವಾಗುವುದಿಲ್ಲ, ಆದರೂ ತಂದವರ ಮುಖ ನೋಡಿ ಬೇಡ ಎನ್ನಲಾರರು. ಅಕ್ಕಿ, ಹಳೆಯ ಪತ್ರಿಕೆ, ಟವೆಲ್ಲು, ಬೆಡ್‌ಶೀಟು, ಗೋಣಿಚೀಲ, ಸ್ಟೀಲ್ ಬಟ್ಟಲು ಯಾವಾಗಲೂ ಬೇಕು. ಹತ್ತಿ ತುಂಬಿದ ಹಾಸಿಗೆ, ದಿಂಬುಗಳನ್ನು ಕೊಡಬೇಡಿ. ನಾಯಿಗಳು ಹರಿದು ಹತ್ತಿಯನ್ನು ನುಂಗುತ್ತವೆ. ಹಣ ಕೊಡುವುದಾದರೆ ರಸೀದಿ ಪಡೆಯಿರಿ; ದೇಣಿಗೆಗೆ ತೆರಿಗೆ ವಿನಾಯಿತಿಯ ನೋಂದಣಿ ಇರುವ ಸಂಸ್ಥೆಯಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ವಿನಾಯಿತಿಯೂ ಸಿಗುತ್ತದೆ.

ಶೆಲ್ಟರ್‌ಗೆ ಹೋಗಲಾಗದವರಿಗೆ

ತೀರಾ ಎಳೆಯ, ತಾಯಿಯಿಲ್ಲದ ಮರಿಗಳಿಗೆ ಶೆಲ್ಟರ್‌ಗಿಂತ ಮನೆಯೇ ಸುರಕ್ಷಿತ. ಕೆಲವು ವಾರಗಳ ಮಟ್ಟಿಗೆ ಅವುಗಳಿಗೆ ಆಸರೆ ಕೊಡುವವರು ಸಿಗುವುದು ಬಹಳ ಕಷ್ಟ, ಏಕೆಂದರೆ ಆರಂಭದ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸಹ, ಎದ್ದು ಹಾಲೂಡಬೇಕು. ಮರಿಯ ಮೈ ತಣ್ಣಗಿದ್ದರೆ ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಿಸಬೇಕು. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ, ಕುಡಿಸುವ ಆತುರವೇ ಅದರ ಪ್ರಾಣಕ್ಕೆ ಎರವಾಗುತ್ತದೆ. ಮಗುವಿನಂತೆ ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿಯ ಮೊಲೆಯುಣ್ಣುವಾಗ ಇರುವಂತೆ ಹೊಟ್ಟೆಯ ಮೇಲೆಯೇ ಮಲಗಿಸಿ, ತಲೆ ತುಸು ಮೇಲಿರುವಂತೆ ಕುಡಿಸಿ. ಹಸುವಿನ ಹಾಲು ಒಗ್ಗದೆ ಭೇದಿಯಾಗುವುದರಿಂದ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಬಳಸಬೇಕು. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಬಾಲದ ಬುಡವನ್ನು ಮೆಲ್ಲಗೆ ಒರೆಸದಿದ್ದರೆ ಎಳೆಮರಿಗೆ ಮಲಮೂತ್ರ ವಿಸರ್ಜನೆಯೇ ಆಗುವುದಿಲ್ಲ, ಆ ಕೆಲಸವನ್ನು ತಾಯಿಯ ನಾಲಿಗೆ ಮಾಡುತ್ತಿತ್ತು. ಮುಂದೆ, ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ, ನಾಯಿಮರಿ ಜಗತ್ತನ್ನು ಕಲಿಯುವ ಕಾಲ. ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಕನ್ನಡಕದ ಅಜ್ಜ, ಓಡಾಡುವ ಮಕ್ಕಳು, ಇವನ್ನೆಲ್ಲ ಆಗ ನೋಡಿದ ಮರಿ ದತ್ತುಹೋದ ಮನೆಗೆ ಬೇಗ ಹೊಂದಿಕೊಳ್ಳುತ್ತದೆ.

ಬರೆಯಲು, ಫೋಟೊ ತೆಗೆಯಲು ಬಲ್ಲವರ ಕೆಲಸವೂ ಕಡಿಮೆಯದಲ್ಲ. ಕಂಬಿಗಳ ಹೊರಗಿನಿಂದ, ಮೇಲಿನಿಂದ ತೆಗೆದ ಚಿತ್ರದಲ್ಲಿ ಎಂಥ ನಾಯಿಯೂ ಕೈದಿಯಂತೆ ಕಾಣುತ್ತದೆ. ಬೆಳಗಿನ ಬಿಸಿಲಿನಲ್ಲಿ, ಅದರ ಕಣ್ಣಿನ ಮಟ್ಟಕ್ಕೆ ಕುಳಿತು ತೆಗೆಯಿರಿ. ಜೊತೆಗೆ ಬರೆಯುವ ನಾಲ್ಕು ಸಾಲುಗಳಲ್ಲಿ "ಮುದ್ದಾದ", "ಪ್ರೀತಿಯ" ಎಂಬುದರ ಬದಲು ಸ್ಕೂಟರ್ ಕಂಡರೆ ಬೊಗಳುತ್ತದೆ, ಬೆಕ್ಕಿನ ಜೊತೆ ಹೊಂದಿಕೊಳ್ಳುವುದಿಲ್ಲ, ಸಿಡಿಲಿಗೆ ಹೆದರುತ್ತದೆ ಎಂಬ ನಿಜಗಳಿರಲಿ. ನಿಜ ತಿಳಿದು ಕರೆದೊಯ್ದವರು ವಾಪಸು ತರುವುದು ಕಡಿಮೆ. ಇನ್ನೊಂದು ಮಾತು: ನಾನು ನೋಡುವ ದತ್ತು ಪ್ರಕಟಣೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲಿಯೇ ಇರುತ್ತವೆ. ಹಿತ್ತಲಿರುವ, ಹಗಲೆಲ್ಲ ಮನೆಯಲ್ಲಿ ಜನರಿರುವ, ನಾಯಿ ಸಾಕಿ ಗೊತ್ತಿರುವ ಎಷ್ಟೋ ಕನ್ನಡದ ಮನೆಗಳಿಗೆ ಆ ಸುದ್ದಿ ತಲುಪುವುದೇ ಇಲ್ಲ. ಅವುಗಳನ್ನು ಕನ್ನಡದಲ್ಲಿ ಬರೆದುಕೊಡುವುದು ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸ.

ಕಾಡಿನ ಜೀವಿಗಳ ಮಾತು ಬೇರೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು, ಗೂಡಿನಿಂದ ಬಿದ್ದ ಗಿಣಿಮರಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ನೀರು ಕುಡಿಸಲು ಹೋಗದೆ, ಬೆಂಗಳೂರಿನವರಾದರೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆಗೆ ತಲುಪಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳನ್ನು ಮನೆಯಲ್ಲಿಟ್ಟು ಸಾಕುವುದು ಅಪರಾಧ.

ಸ್ವಯಂಸೇವಕರು ಕಡಿಮೆಯಾಗುವ ಹೊತ್ತಿಗೇ ಶೆಲ್ಟರ್‌ನಲ್ಲಿ ಕೆಲಸ ಹೆಚ್ಚಾಗುತ್ತದೆ: ದೀಪಾವಳಿಯ ಮೂರು ರಾತ್ರಿ ಪಟಾಕಿಗೆ ಬೆದರಿದ ನಾಯಿಗಳ ಪಕ್ಕ ಕೂರಲು ಜನ ಬೇಕು, ಮಳೆಗಾಲದಲ್ಲಿ ಹುಳು ಬಿದ್ದ ಗಾಯಗಳು ಸಾಲುಗಟ್ಟಿ ಬರುತ್ತವೆ, ಬೇಸಿಗೆಯಲ್ಲಿ ನಾಯಿಗಳ ಮೈಮೇಲಿನ ಉಣ್ಣಿ ಆರಿಸಿ ಮುಗಿಯುವುದಿಲ್ಲ. ಆ ದಿನಗಳಲ್ಲಿ ಅಲ್ಲಿಯೇ ಇರುವವರು ಸಂಬಳದ ಕೆಲಸಗಾರರು. ಅವರ ಹೆಸರು ತಿಳಿದುಕೊಳ್ಳಿ, ಅವರು ಹೇಳಿದಂತೆ ಮಾಡಿ. ನಿಮಗೆ ತಪ್ಪೆನಿಸಿದ್ದನ್ನು ವಿಡಿಯೊ ಮಾಡಿ ಎಲ್ಲರಿಗೂ ಕಳುಹಿಸುವ ಮುನ್ನ ಮೇಲ್ವಿಚಾರಕರಲ್ಲಿ ಒಮ್ಮೆ ಕೇಳಿ. ನೀವು ಕೂತು ಮಾತನಾಡಿಸಿದ ನಾಯಿ ಮುಂದಿನ ವಾರ ಗೂಡಿನಲ್ಲಿ ಇಲ್ಲದಿದ್ದಾಗ, ಅದು ದತ್ತುಹೋಯಿತೋ ತೀರಿಹೋಯಿತೋ ಎಂದು ಅವರನ್ನೇ ಕೇಳಬೇಕಾಗುತ್ತದೆ. ಎರಡೂ ಆಗುತ್ತವೆ.

ಹೊರಡುವಾಗ ನೀವು ತೆರೆದ ಪ್ರತಿ ಗೂಡಿನ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿ. ಯಾವ ನಾಯಿ ಊಟ ಬಿಟ್ಟಿದೆ, ಯಾವುದು ಕುಂಟುತ್ತಿದೆ, ಯಾವುದರ ಮಲ ನೀರಾಗಿದೆ ಎಂಬುದನ್ನು ಗೂಡಿನ ಸಂಖ್ಯೆಯೊಂದಿಗೆ ರಿಜಿಸ್ಟರ್‌ನಲ್ಲಿ ಬರೆಯಿರಿ. ಸಂಜೆ ಬರುವ ಡಾಕ್ಟರು ಮೊದಲು ತೆರೆಯುವುದು ಆ ಪುಟವನ್ನೇ. ಅದರ ಕೆಳಗೆ ಮುಂದಿನ ವಾರ ಬರುವ ದಿನ ಮತ್ತು ಹೊತ್ತನ್ನು ಬರೆದು, ಕೈ ತೊಳೆದು, ಬೂಟನ್ನು ಚೀಲಕ್ಕೆ ಹಾಕಿಕೊಳ್ಳಿ.